ಕೆರೆಯ ಬಾತುಗಳೂ ಹಿತ್ತಲಿನ ಹತ್ತೊಂಬತ್ತು ಕೋಳಿಗಳೂ

ನಮ್ಮ ಬೀದಿಯ ರೈಟ್‌ಮಾಮನಿಗೆ ಆ ಹೆಸರಿಟ್ಟದ್ದು ಹೆತ್ತವರಲ್ಲ, ಬಸ್ಸು. ಮೂವತ್ತೊಂದು ವರ್ಷ ಕಂಡಕ್ಟರಾಗಿ ದುಡಿದ ಮೇಲೆ ಆ ಒಂದು ಮಾತು ಅವನ ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಊಟ ಮುಗಿಸಿ ಏಳುವಾಗ ರೈಟ್, ಫೋನ್ ಇಡುವಾಗ ರೈಟ್. ಒಮ್ಮೆ ಸಾವಿನ ಮನೆಯಲ್ಲಿ ಎಲ್ಲರೂ ಬಿಕ್ಕುತ್ತಿರುವಾಗ ಎದ್ದು ನಿಂತು ರೈಟ್ ಅಂದು, ಪಕ್ಕದಲ್ಲಿದ್ದ ಅತ್ತೆಯಿಂದ ಪಕ್ಕೆಗೆ ತಿವಿಸಿಕೊಂಡಿದ್ದ. ರಕ್ತಸಂಬಂಧದಲ್ಲಿ ಅವನು ನಮಗೆ ಮಾಮನೂ ಅಲ್ಲ, ಅವನ ಹೆಂಡತಿ ಅತ್ತೆಯೂ ಅಲ್ಲ. ಆದರೆ ಬೀದಿಯ ಮಕ್ಕಳೆಲ್ಲ ಅವರ ಮನೆಯ ಮೆಟ್ಟಿಲ ಮೇಲೆ ಆಡಿಕೊಂಡೇ ಬೆಳೆದದ್ದರಿಂದ ಬೇರೆ ಏನೆಂದು ಕರೆಯುವುದೂ ನಮಗೆ ಗೊತ್ತಿರಲಿಲ್ಲ.

ನಿವೃತ್ತಿಯಾದ ಮೊದಲ ವಾರ ಮಾಮ ಮನೆಯಲ್ಲಿ ಕೂತು ಎಣಿಸತೊಡಗಿದ. ನೆಲದ ಹೆಂಚು ಎಣಿಸಿದ, ಮಾಡಿನ ತೊಲೆ ಎಣಿಸಿದ, ಕಿಟಕಿಯ ಮುಂದೆ ಹಾದುಹೋದವರನ್ನು ಎಣಿಸಿದ. ಜೀವನವಿಡೀ ತಲೆ ಎಣಿಸಿದವನಿಗೆ ಎಣಿಸದೆ ಇರಲು ಬರುತ್ತಿರಲಿಲ್ಲ. ಅತ್ತೆ ಸಂಜೆಯೊಳಗೆ ಹದಿನೇಳು ಸಲ ಅಡುಗೆಮನೆಗೆ ಹೋದಳೆಂದು ಅವನು ಒಂದು ದಿನ ಹೇಳಿದಾಗ ಅವಳ ತಾಳ್ಮೆಯ ಕಟ್ಟೆಯೊಡೆಯಿತು. ಎಣಿಸುವ ಚಟವಿದ್ದರೆ ಕೆರೆ ಹತ್ತಿರ ಹೋಗಿ ಹಕ್ಕಿಗಳನ್ನು ಎಣಿಸಿರಿ, ಅವು ನಿಮ್ಮನ್ನು ಏನೂ ಅನ್ನುವುದಿಲ್ಲ ಎಂದು ಬೈದಳು.

ಅವಳು ಬೈದದ್ದು ಬೈಗುಳವಾಗಿ. ಮಾಮ ತೆಗೆದುಕೊಂಡದ್ದು ಆರ್ಡರ್ ಆಗಿ. ಮರುದಿನದಿಂದಲೇ ಬೆಳಿಗ್ಗೆ ಆರೂವರೆಗೆ ಅವನು ಕೆರೆ ಏರಿಯ ಮೇಲೆ ಹಾಜರು. ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು, ಕಿವಿಯ ಹಿಂದೆ ಪೆನ್ನು. ಹಕ್ಕಿಗಳ ಹೆಸರು ಅವನಿಗೆ ಒಂದೂ ಗೊತ್ತಿರಲಿಲ್ಲ, ಅದಕ್ಕೆ ತನ್ನದೇ ಹೆಸರಿಟ್ಟುಕೊಂಡ. ಮೈಯೆಲ್ಲ ಕಪ್ಪಾಗಿ ಹಣೆ ಮಾತ್ರ ಬೆಳ್ಳಗಿರುವ ನೀರುಕೋಳಿಗೆ ‘ಕರಿಕೋಟು’. ಒಂಟಿಕಾಲಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ನಿಂತು ಎಲ್ಲರನ್ನೂ ಅನುಮಾನದಿಂದ ನೋಡುವ ಬೂದುಬಣ್ಣದ ಕೊಕ್ಕರೆಗೆ ‘ಇನ್ಸ್‌ಪೆಕ್ಟರ್’. ಚಳಿ ಶುರುವಾದಾಗ ಎಲ್ಲಿಂದಲೋ ಸಾವಿರಾರು ಮೈಲಿ ಹಾರಿಬಂದು ಇಳಿಯುವ ಬಾತುಗಳಿಗೆ ‘ಲಾಂಗ್ ರೂಟ್’. ಆರು ವರ್ಷದಲ್ಲಿ ಹನ್ನೊಂದು ನೋಟ್‌ಬುಕ್ಕು ತುಂಬಿದವು. ಜನ ಮೂಗು ಮುರಿದರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅತ್ತೆಯ ಲೋಕ ಬೇರೆ. ಹಿತ್ತಲಲ್ಲಿ ಅವಳಿಗೆ ಹದಿನೆಂಟು ಹೇಂಟೆಗಳು, ಒಂದು ಹುಂಜ. ಒಟ್ಟು ಹತ್ತೊಂಬತ್ತು. ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಗುವುದೆಂದು ನಂಬಿದ್ದ ಅಜ್ಜಿಯ ಕಥೆ ಎಲ್ಲರಿಗೂ ಗೊತ್ತಲ್ಲ, ಅತ್ತೆಯ ಹುಂಜಕ್ಕೆ ಆ ನಂಬಿಕೆ ಸ್ವಂತವಾಗಿಯೇ ಇತ್ತು. ಬೆಳಕು ಹರಿಯುವ ಮೊದಲೇ ಗೋಡೆ ಹತ್ತಿ ಇಡೀ ಬೀದಿಗೆ ಹಾಜರಿ ಹಾಕುತ್ತಿತ್ತು. ಹಿತ್ತಲ ಗೋಡೆ ಒಂದು ಕಡೆ ಬಿದ್ದುಹೋಗಿದ್ದರಿಂದ ಕೋಳಿಗಳು ಅಲ್ಲಿಂದ ನುಸುಳಿ ಕೆರೆಯಂಚಿನವರೆಗೂ ಹೋಗಿ ಹುಳ ಕೆದಕಿ, ನೀರು ಕುಡಿದು, ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದವು. ಅದರಲ್ಲೇನೂ ತಪ್ಪಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಆ ವರ್ಷ ಚಳಿ ಜೋರಾಗಿತ್ತು. ಒಂದು ಬೆಳಿಗ್ಗೆ ಮಾಮ ಏರಿಯ ಮೇಲೆ ನಿಂತು ನೋಡಿದರೆ ದಡದಲ್ಲಿ ಐದು ಲಾಂಗ್ ರೂಟ್ ಬಾತುಗಳು ಸತ್ತು ಬಿದ್ದಿದ್ದವು. ಆರನೆಯದು ನೀರಿನಲ್ಲಿ ಗಿರಗಿರನೆ ಒಂದೇ ಕಡೆ ಸುತ್ತುತ್ತಿತ್ತು. ಅದರ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡು, ಆಕಾಶದಲ್ಲಿ ಏನನ್ನೋ ಹುಡುಕುವ ಹಾಗೆ ತಲೆ ಮೇಲಾಗಿತ್ತು. ಮಾಮ ಇಳಿದು ಎತ್ತಿಕೊಳ್ಳಲು ಎರಡು ಹೆಜ್ಜೆ ಹಾಕಿದವನು ಅಲ್ಲೇ ನಿಂತ. ಪಶು ಆಸ್ಪತ್ರೆಯ ಗೋಡೆಯ ಮೇಲೆ ಸತ್ತ ಹಕ್ಕಿಯನ್ನು ಮುಟ್ಟಬೇಡಿ, ನಮಗೆ ತಿಳಿಸಿ ಎಂದು ದೊಡ್ಡದಾಗಿ ಬರೆದದ್ದು ಅವನ ಕಣ್ಣಿಗೆ ಬಿದ್ದಿತ್ತು. ನಂಬರನ್ನೂ ಬರೆದುಕೊಂಡಿದ್ದ. ಎಣಿಸುವವರ ಗುಣವೇ ಅದು, ನಂಬರ್ ಕಂಡರೆ ಬಿಡುವುದಿಲ್ಲ.

ಫೋನ್ ಎತ್ತಿದವನು ಆಕಳಿಸುತ್ತಲೇ ಚಳಿಗೆ ನಾಲ್ಕು ಹಕ್ಕಿ ಸಾಯುವುದು ಇದ್ದದ್ದೇ ಎಂದ. ಮಾಮ ನೋಟ್‌ಬುಕ್ಕು ಬಿಚ್ಚಿದ.

“ನೋಡಪ್ಪಾ, ನಿನ್ನೆ ಇಲ್ಲಿ ನಾನೂರ ಅರವತ್ತೆರಡು ಬಾತು ಇದ್ವು. ಇವತ್ತು ಜೀವಂತ ಇರೋದು ನಾನೂರ ಮೂವತ್ತೊಂಬತ್ತು. ಕಣ್ಣಿಗೆ ಕಾಣೋ ಹೆಣ ಐದು. ಮಿಕ್ಕ ಹದಿನೆಂಟು ಎಲ್ಲಿಳಿದ್ವು ಅಂತ ನನಗೆ ಗೊತ್ತಾಗ್ಬೇಕು.”

ಆ ಕಡೆ ಆಕಳಿಕೆ ನಿಂತಿತು. ಫೋನು ಪಶು ಆಸ್ಪತ್ರೆಯ ಡಾಕ್ಟರಮ್ಮನ ಕೈಗೆ ಹೋಯಿತು.

ಡಾಕ್ಟರಮ್ಮ ಇನ್ನೂ ಸಣ್ಣ ವಯಸ್ಸಿನವಳು. ಒಂದು ಗಂಟೆಯೊಳಗೆ ಸ್ಕೂಟರಿನಲ್ಲಿ ಬಂದಳು, ಹಿಂದೆ ಒಬ್ಬ ಸಹಾಯಕ, ಅವನ ತೊಡೆಯ ಮೇಲೆ ಐಸ್ ಪೆಟ್ಟಿಗೆ. ಅವಳು ಬರುವವರೆಗೂ ಮಾಮ ಹಳೆಯ ಸೀಟಿ ಊದಿ ಊದಿ ನಾಯಿಗಳನ್ನೂ ವಾಕಿಂಗಿನವರನ್ನೂ ದೂರವಿಟ್ಟಿದ್ದ. ಇಬ್ಬರೂ ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ ಹಾಕಿಕೊಂಡು, ಕೈಗವಸು, ಮಾಸ್ಕು, ಕನ್ನಡಕ ಏರಿಸಿ ಕೆಳಗಿಳಿದರು. ಸತ್ತ ಬಾತುಗಳ ಗಂಟಲಿನಿಂದಲೂ ಹಿಂಭಾಗದಿಂದಲೂ ಪರೀಕ್ಷೆಗೆಂದು ಹತ್ತಿಯ ಕಡ್ಡಿಯಲ್ಲಿ ದ್ರವ ಒರೆಸಿ ತೆಗೆದು ಸಣ್ಣ ಕೊಳವೆಗಳಲ್ಲಿಟ್ಟು ಮುಚ್ಚಿದರು. ಜೊಂಡಿನ ಮರೆಯಲ್ಲಿ ಇನ್ನೂ ಹದಿನಾರು ಸತ್ತ ಬಾತು ಸಿಕ್ಕವು. ಉಳಿದ ಎರಡರ ಲೆಕ್ಕ ಸಿಗಲಿಲ್ಲವೆಂದು ಮಾಮ ಆಮೇಲೆಯೂ ಬಹಳ ದಿನ ಪೇಚಾಡಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಏರಿಯ ಮೇಲೆ ಜನ ಸೇರಿದ್ದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅತ್ತೆಯೂ ಬಂದು ನಿಂತಿದ್ದಳು. ಡಾಕ್ಟರಮ್ಮ ಮೇಲೆ ಬಂದು, ಬಿಳಿ ಬಟ್ಟೆ ಕಳಚಿ ಚೀಲಕ್ಕೆ ಹಾಕಿ ಕಟ್ಟಿ, ಕೈ ತೊಳೆದುಕೊಂಡು, ಅಕ್ಕಪಕ್ಕದವರು ಯಾರಾದರೂ ಸಾಕಿದ ಕೋಳಿಗಳನ್ನು ಈ ಕೆರೆಗೆ ಬಿಡುತ್ತಾರೆಯೇ ಎಂದು ಎಲ್ಲರನ್ನೂ ಕೇಳಿದಳು. ಎಲ್ಲರ ಕಣ್ಣೂ ಮೆಲ್ಲಗೆ ಅತ್ತೆಯ ಕಡೆ ಹೋಗಿ, ಅಷ್ಟೇ ಮೆಲ್ಲಗೆ ಬೇರೆ ಕಡೆ ಹೊರಳಿದವು.

ಇಲ್ಲಿ ಮಾಮನ ಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕು. ಕೆಲಸದಲ್ಲಿದ್ದಾಗ ಒಮ್ಮೆ ಅವನ ಸ್ವಂತ ಅತ್ತೆ, ಅಂದರೆ ಹೆಂಡತಿಯ ತಾಯಿ, ಅಳಿಯನ ಬಸ್ಸೆಂದು ಹತ್ತಿ ಕಾಲು ಚಾಚಿ ಕೂತಿದ್ದಳು. ಟಿಕೆಟ್ ತೆಗೆಯಿರಿ ಎಂದಾಗ ಆಕೆ ನಕ್ಕಳು. ಅವನು ನಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಆಕೆಯನ್ನು ಗೌರವದಿಂದ ಕೈ ಹಿಡಿದು ಇಳಿಸಿ ರೈಟ್ ಅಂದ. ಆರು ವರ್ಷ ಆ ಮುದುಕಿ ಅಳಿಯನ ಮುಖ ನೋಡಲಿಲ್ಲ. ಸುಳ್ಳು ಅವನ ಗಂಟಲಲ್ಲಿ ಇಳಿಯುವ ಪದಾರ್ಥವೇ ಆಗಿರಲಿಲ್ಲ.

ಅವನು ಹೆಂಡತಿಯನ್ನು ಒಮ್ಮೆ ನೋಡಿದ.

“ಬಿಡ್ತಾರೆ ಡಾಕ್ಟರಮ್ಮಾ. ನಮ್ಮ ಮನೆಯವೇ. ಹತ್ತೊಂಬತ್ತು.”

ಡಾಕ್ಟರಮ್ಮ ಆ ಮಧ್ಯಾಹ್ನವೇ ಮನೆಗೆ ಬಂದು ಹತ್ತೊಂಬತ್ತರ ಗಂಟಲಿಗೂ ಕಡ್ಡಿ ಹಾಕಿದಳು. ಹುಂಜ ಅವಳ ಕೈಗವಸನ್ನು ಕುಕ್ಕಿ ತೂತು ಮಾಡಿತು. ಇದು ಹಕ್ಕಿಜ್ವರವೇ ಇರಬಹುದೆಂದೂ, ಕಾಡುಬಾತುಗಳ ಹಿಕ್ಕೆಯಿಂದ, ಅವು ಈಜಿದ ನೀರಿನಿಂದ, ಕೊನೆಗೆ ಆ ಕೆಸರು ಮೆತ್ತಿದ ಚಪ್ಪಲಿಯಿಂದಲೂ ಕೋಳಿಗಳಿಗೆ ಹರಡಬಹುದೆಂದೂ ಬಿಡಿಸಿ ಹೇಳಿದಳು. ಇವತ್ತಿನಿಂದ ಒಂದೂ ಹೊರಗೆ ಕಾಲಿಡಬಾರದು. ಪರೀಕ್ಷೆಯಲ್ಲಿ ರೋಗ ಕಂಡುಬಂದರೆ, ಎಂದು ಶುರು ಮಾಡಿ ಅತ್ತೆಯ ಮುಖ ನೋಡಿ ಮಾತು ನಿಲ್ಲಿಸಿದಳು. ಹೇಳದಿದ್ದರೂ ಅತ್ತೆಗೆ ಅರ್ಥವಾಯಿತು. ಹತ್ತೊಂಬತ್ತರಲ್ಲಿ ಒಂದೂ ಉಳಿಯುವುದಿಲ್ಲ.

ಹಿತ್ತಲಲ್ಲಿ ಹೊರಬಾಗಿಲಿದ್ದ ಒಂದು ಒಂಟಿ ಕೋಣೆಯಿತ್ತು. ಮಾಮನ ಮಂಚ, ಹಳೆಯ ಖಾಕಿ ಸಮವಸ್ತ್ರ, ಹನ್ನೊಂದು ನೋಟ್‌ಬುಕ್ಕು ಎಲ್ಲ ಅಲ್ಲೇ. ಮಧ್ಯಾಹ್ನದ ನಿದ್ದೆಗೆ ಅದು ಅವನ ಅರಮನೆ. ಅತ್ತೆ ಮಂಚವನ್ನು ಹೊರಗೆಳೆದಳು, ಅದರ ಮೇಲೆ ಸಮವಸ್ತ್ರ ಒಗೆದಳು, ಅದರ ಮೇಲೆ ನೋಟ್‌ಬುಕ್ಕುಗಳನ್ನು. ಕಿಟಕಿಗೆ ಗುಬ್ಬಿಯೂ ನುಸುಳದಂಥ ಜಾಲರಿ ಹೊಡೆದಳು. ನೆಲಕ್ಕೆ ಹೊಟ್ಟು ಹರಡಿ ಕೋಳಿಗಳನ್ನು ಒಳಗೆ ಬಿಟ್ಟು ಬಾಗಿಲು ಹಾಕಿದಳು. ಡಾಕ್ಟರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಪಾಲಿಸಿದಳು. ಕೋಣೆಗೆಂದೇ ಬೇರೆ ಚಪ್ಪಲಿ, ಗುಡಿಸುವಾಗ ಮೂಗುಬಾಯಿಗೆ ಮಾಸ್ಕು, ಹೊರಬಂದ ತಕ್ಷಣ ಸೋಪು, ಕೋಳಿಗಳಿಗೆ ನಲ್ಲಿ ನೀರು ಮಾತ್ರ. ಅವಳ ಕೋಪವಿದ್ದದ್ದು ಗಂಡನ ಮೇಲೆ, ಡಾಕ್ಟರಮ್ಮನ ಮೇಲಲ್ಲ.

ಗಂಡನೊಡನೆ ಮಾತು ಮಾತ್ರ ಬಂದ್. ಆದರೆ ಸಂಸಾರ ನಡೆಯಬೇಕಲ್ಲ, ಅದಕ್ಕೆ ಅವಳು ಹುಂಜವನ್ನು ನಡುವೆ ಇಟ್ಟುಕೊಂಡಳು. ಜಾಲರಿಯ ಹೊರಗೆ ನಿಂತು, ಹುಂಜಪ್ಪಾ, ಆ ಕಂಡಕ್ಟರಿಗೆ ಊಟ ಬಡಿಸಿದೆ ಅಂತ ಹೇಳು ಎನ್ನುವಳು. ಮಾಮನೂ ಬಗ್ಗುವವನಲ್ಲ. ಹುಂಜಪ್ಪಾ, ಉಪ್ಪು ಕಮ್ಮಿಯಾಗಿದೆ ಅಂತ ಹೇಳಿಬಿಡು ಎನ್ನುವನು. ಹುಂಜ ಇಬ್ಬರ ಮುಖವನ್ನೂ ಒಂದೊಂದೇ ಕಣ್ಣಲ್ಲಿ ನೋಡುತ್ತಿತ್ತು. ನಾವು ಮಕ್ಕಳು ಗೋಡೆಯಾಚೆ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದೆವು.

ನಗು ನಮ್ಮದು, ಚಿಂತೆ ಮಾಮನದು. ಅವನಿಗೆ ತನ್ನ ಮನೆಯ ಹತ್ತೊಂಬತ್ತರ ಜೊತೆಗೆ ಇನ್ನೂ ನಾಲ್ಕು ಸಾವಿರದ ಚಿಂತೆ ಹತ್ತಿತ್ತು. ಬೀದಿಯ ಕೊನೆಯಾಚೆ ಒಂದು ಕೋಳಿ ಫಾರ್ಮ್ ಇತ್ತು, ನಾಲ್ಕು ಸಾವಿರ ಮೊಟ್ಟೆ ಕೋಳಿಗಳದು. ಅದರ ಯಜಮಾನ ದಿನಾ ಬೆಳಿಗ್ಗೆ ಸಕ್ಕರೆ ಕಾಯಿಲೆಗೆಂದು ಕೆರೆಯ ಸುತ್ತ ಎರಡು ಸುತ್ತು ನಡೆದು, ಅದೇ ಚಪ್ಪಲಿಯಲ್ಲಿ ನೇರವಾಗಿ ಷೆಡ್ಡಿನೊಳಗೆ ಹೋಗುತ್ತಿದ್ದ. ಇದು ಮಾಮನ ನೋಟ್‌ಬುಕ್ಕಿನಲ್ಲಿ ಸಮಯದ ಸಮೇತ ದಾಖಲಾಗಿತ್ತು.

ಮಾಮ ಹೋಗಿ ವಿಷಯ ಹೇಳಿದ. ಯಜಮಾನ ಸಿಡಿಮಿಡಿಗೊಂಡ. ರಿಪೋರ್ಟೇ ಬಂದಿಲ್ಲ, ಆಗಲೇ ಡಂಗುರ ಹೊಡೆಯುತ್ತಿದ್ದೀರಿ, ಈ ಸುದ್ದಿ ಹರಡಿದರೆ ನನ್ನ ಮೊಟ್ಟೆಯನ್ನು ನಾಯಿಯೂ ಮೂಸುವುದಿಲ್ಲ, ಕೆಲಸವಿಲ್ಲದವರು ಹಕ್ಕಿ ಎಣಿಸಿಕೊಂಡು ಸುಮ್ಮನಿರಬೇಕು ಎಂದು ಗೇಟಿನಿಂದಲೇ ವಾಪಸ್ ಕಳಿಸಿದ. ಮಾಮ ಮುಖ ಸಪ್ಪೆ ಮಾಡಿಕೊಂಡು ಬಂದು ಹಿತ್ತಲ ಕಟ್ಟೆಯ ಮೇಲೆ ಕೂತ.

ಅತ್ತೆ ಜಾಲರಿಯ ಹತ್ತಿರ ನಿಂತು, ಏನಂತೆ ಹುಂಜಪ್ಪಾ ಎಂದಳು. ಮಾಮ ನಡೆದದ್ದನ್ನೆಲ್ಲ ಹುಂಜಕ್ಕೆ ಹೇಳಿದ. ಅತ್ತೆ ಪೂರ್ತಿ ಕೇಳಿಸಿಕೊಂಡಳು. ಕೈ ತೊಳೆದು, ಬೀದಿ ಚಪ್ಪಲಿ ಮೆಟ್ಟಿ ಹೊರಟಳು.

ಯಜಮಾನ ಚಿಕ್ಕಂದಿನಲ್ಲಿ ಅತ್ತೆಯ ತವರಿನ ಪಕ್ಕದ ಮನೆಯಲ್ಲಿದ್ದವನು. ಅವನಿಗೆ ಚಡ್ಡಿಯ ಗುಂಡಿ ಹಾಕಿ ಶಾಲೆಗೆ ಕೈಹಿಡಿದು ಕರೆದುಕೊಂಡು ಹೋಗಿದ್ದವಳು ಅವಳೇ. ಈಗ ಅವನಿಗೆ ಹೊಟ್ಟೆ ಬಂದು, ಕೂದಲು ಹೋಗಿ, ಕೈಕೆಳಗೆ ಎಂಟು ಜನ ಆಳುಗಳಿದ್ದರೂ ಅವಳಿಗೆ ಅವನು ‘ಲೋ’. ಗೇಟಿನ ಹೊರಗೇ ನಿಂತು ಅವಳು ಹೇಳಿದ್ದು ಷೆಡ್ಡಿನ ಆಳುಗಳಿಗೆಲ್ಲ ಕೇಳಿಸಿತು.

“ಲೋ, ನನ್ನ ಹತ್ತೊಂಬತ್ತು ಕೋಳಿಗೆ ನಾನು ಗಂಡನ ಮಂಚಾನೇ ಹೊರಗೆ ಹಾಕಿದೀನಿ. ನಿನ್ನ ನಾಲ್ಕು ಸಾವಿರಕ್ಕೆ ನೀನು ಒಂದು ಜೊತೆ ಚಪ್ಪಲಿ ಬದಲಾಯ್ಸಕ್ಕಾಗಲ್ವಾ?”

ಯಜಮಾನ ತನ್ನ ಕಾಲನ್ನು ನೋಡಿಕೊಂಡ. ಚಪ್ಪಲಿಯ ಅಂಚಿಗೆ ಕೆರೆಯ ಕೆಸರು ಒಣಗಿ ಅಂಟಿತ್ತು. ಆಯ್ತಕ್ಕ ಎಂದ.

ಒಮ್ಮೆ ಒಪ್ಪಿದ ಮೇಲೆ ಅವನು ಅರ್ಧಕ್ಕೆ ನಿಲ್ಲುವ ಆಸಾಮಿಯಾಗಿರಲಿಲ್ಲ. ಷೆಡ್ಡಿನ ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ ಬಂತು, ಕಾಲು ಅದ್ದದೆ ಒಳಗೆ ಹೋಗುವಂತಿಲ್ಲ. ಒಳಗೆ ಕೆಲಸ ಮಾಡುವವರಿಗೆ ಬೇರೆ ಬಟ್ಟೆ, ಬೇರೆ ಬೂಟು. ಹರಿದ ಬಲೆಗಳನ್ನೆಲ್ಲ ಹೊಲಿಸಿದ, ಕಾಗೆ ನುಗ್ಗುವ ಸಂದುಗಳನ್ನು ಮುಚ್ಚಿಸಿದ. ಕೆರೆಯ ವಾಕಿಂಗ್ ಬಿಟ್ಟು ತನ್ನ ಮನೆಯ ಮಹಡಿಯ ಮೇಲೆಯೇ ಗಾಣದ ಎತ್ತಿನಂತೆ ಸುತ್ತತೊಡಗಿದ.

ಆರನೆಯ ದಿನ ಡಾಕ್ಟರಮ್ಮನ ಸ್ಕೂಟರ್ ಬೀದಿಗೆ ಬಂತು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅವಳು ತಾನೇ ಬಂದಳು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು, ಮಾಮ ಎರಡು ಮಾರು ದೂರದಲ್ಲಿ. ಕೆರೆಯ ಬಾತುಗಳಿಗೆ ಬಂದಿರುವುದು ಹಕ್ಕಿಜ್ವರವೇ ಎಂದಳು ಡಾಕ್ಟರಮ್ಮ. ಮನೆಯ ಕೋಳಿಗಳಿಗೆ ಏನೂ ಇಲ್ಲ, ಹತ್ತೊಂಬತ್ತೂ ಚೆನ್ನಾಗಿವೆ. ಅವು ಕೆರೆಯಂಚಿಗೆ ಇನ್ನೆರಡು ದಿನ ಹೋಗಿದ್ದರೂ ಈ ಮಾತು ಹೇಳಲು ಆಗುತ್ತಿತ್ತೋ ಇಲ್ಲವೋ ಎಂದೂ ಸೇರಿಸಿದಳು.

ಅತ್ತೆ ಆರು ದಿನಗಳ ನಂತರ ಮೊದಲ ಸಲ ಗಂಡನ ಕಡೆ ತಿರುಗಿ, ನಡುವೆ ಹುಂಜವಿಲ್ಲದೆ ಮಾತಾಡಿದಳು.

“ರೀ, ಕೇಳಿಸ್ತಾ?”

ಮಾಮ ಬಾಯಿ ತೆರೆದ. ಸುತ್ತ ಸೇರಿದ್ದ ನಾವೆಲ್ಲರೂ ರೈಟ್ ಎಂಬ ಆ ಒಂದು ಮಾತಿಗೆ ಕಾದೆವು. ಅದು ಹೊರಡಲಿಲ್ಲ. ಅವನು ಟವೆಲಿನಿಂದ ಮುಖ ಒರೆಸಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟ. ಅತ್ತೆ ಒಳಗೆ ಹೋಗಿ ಮೂರು ಲೋಟ ಟೀ ತಂದಳು, ಮಾಮನ ಲೋಟಕ್ಕೆ ಎಂದಿಗಿಂತ ಒಂದು ಚಮಚ ಸಕ್ಕರೆ ಹೆಚ್ಚಿಗೆ.

ಕೆರೆಗೆ ಹಗ್ಗ ಕಟ್ಟಿ ಜನರನ್ನು ತಡೆದರು. ಸುತ್ತಲಿನ ಊರುಗಳಲ್ಲಿ ಕೋಳಿಗಳನ್ನು ಹೊರಗೆ ಬಿಡುವಂತಿಲ್ಲ, ಕೊಂಡೊಯ್ಯುವಂತಿಲ್ಲ ಎಂದು ಆದೇಶವಾಯಿತು. ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ ತಿಂದರೆ ಭಯವಿಲ್ಲವೆಂದು ಡಾಕ್ಟರಮ್ಮ ಮನೆಮನೆಗೆ ಹೋಗಿ ಹೇಳಿದಳು. ಮಾಮನಿಗೆ ಕೆರೆ ತಪ್ಪಿದ್ದು ಕೈ ಕಟ್ಟಿಹಾಕಿದಂತಾಯಿತು. ಅವನ ಒದ್ದಾಟ ನೋಡಲಾರದೆ ಡಾಕ್ಟರಮ್ಮ ತನ್ನ ದುರ್ಬೀನು ಕೊಟ್ಟಳು. ಅವನು ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ಎಣಿಸಿದ, ದಿನಾ ಸಂಜೆ ಲೆಕ್ಕ ಒಪ್ಪಿಸಿದ. ಇವತ್ತು ಇನ್ಸ್‌ಪೆಕ್ಟರ್ ಇಬ್ಬರೇ ಎಂದು ಅವನು ಫೋನಿನಲ್ಲಿ ಹೇಳಿದಾಗ ಅವಳು ಕೊಕ್ಕರೆ ಎರಡು ಎಂದು ಬರೆದುಕೊಳ್ಳುವುದನ್ನು ಕಲಿತಿದ್ದಳು. ಆ ಚಳಿಗಾಲದಲ್ಲಿ ಕೆರೆಯಲ್ಲಿ ನೂರ ನಲವತ್ತಾರು ಹಕ್ಕಿಗಳು ಸತ್ತವು. ಒಂದೊಂದನ್ನೂ ಮಾಮ ಬರೆದಿಟ್ಟಿದ್ದಾನೆ.

ಫೆಬ್ರವರಿಯಲ್ಲಿ ಆರು ಕಿಲೋಮೀಟರ್ ಆಚೆಯ ಒಂದು ಫಾರ್ಮಿಗೆ ರೋಗ ನುಗ್ಗಿತು. ಮೂರು ದಿನದಲ್ಲಿ ಅಲ್ಲಿದ್ದ ಎಲ್ಲ ಕೋಳಿಗಳನ್ನೂ ಕೊಂದು ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿದರು. ಆ ಸಂಜೆ ನಮ್ಮ ಫಾರ್ಮಿನ ಯಜಮಾನ ಮಾಮನ ಮನೆಯ ಮೆಟ್ಟಿಲ ಮೇಲೆ ಬಂದು ಕೂತ. ಅತ್ತೆ ಕೊಟ್ಟ ಟೀ ಕೈಯಲ್ಲೇ ಆರಿತು.

“ಅವನೂ ನನ್ನ ಹಾಗೇ ಅಕ್ಕ. ಬೆಳಿಗ್ಗೆ ಎದ್ದು ಆ ಕಡೆಯ ಹೊಂಡದ ಸುತ್ತ ಓಡಾಡೋನು. ಅವನಿಗೆ ಹೇಳೋರು ಯಾರೂ ಇರ್ಲಿಲ್ಲ.”

ಮಾಮ ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ಕತ್ತಲಾಗುವವರೆಗೆ ಪಕ್ಕದಲ್ಲಿ ಕೂತಿದ್ದ. ಆ ಫಾರ್ಮಿಗೆ ಹೊರಗಿನವರು ಹೋಗುವಂತಿರಲಿಲ್ಲ. ಯಜಮಾನ ಅಂದಿನಿಂದ ದಿನಾ ಸಂಜೆ ಆ ಮನುಷ್ಯನಿಗೆ ಫೋನ್ ಮಾಡತೊಡಗಿದ. ಬೇಸಿಗೆ ಕಳೆದು ಅವನ ಷೆಡ್ಡಿಗೆ ಹೊಸ ಮರಿಗಳು ಬರುವವರೆಗೂ ಒಂದು ದಿನ ತಪ್ಪಿಸಲಿಲ್ಲ.

ಬಿಸಿಲೇರಿದಂತೆ ಲಾಂಗ್ ರೂಟಿನವು ಬಂದ ದಾರಿ ಹಿಡಿದು ಹೋದವು. ಮತ್ತೆ ಮತ್ತೆ ಪರೀಕ್ಷೆ ನಡೆದು ಎಲ್ಲೂ ರೋಗವಿಲ್ಲವೆಂದಾದ ಮೇಲೆ ಹಗ್ಗ ಬಿಚ್ಚಿದರು. ಕೋಳಿಗಳನ್ನು ಹೊರಗೆ ಬಿಡುವ ದಿನ ಅತ್ತೆ ಕೋಣೆಯ ಬಾಗಿಲು ಹಾರುಹೊಡೆದು ತೆರೆದಳು. ಒಂದೂ ಕದಲಲಿಲ್ಲ. ಮೂರು ತಿಂಗಳು ನೆರಳಲ್ಲಿ, ಕೂತಲ್ಲಿಗೆ ಊಟ ಬಂದ ಮೇಲೆ ಅವಕ್ಕೆ ಹೊರಗಿನ ಬಿಸಿಲು ಯಾಕೆ ಬೇಕು. ಮಾಮ ಹೊಸಿಲಲ್ಲಿ ನಿಂತು ಕಂಡಕ್ಟರ್ ದನಿಯಲ್ಲಿ ಕೂಗಿದ, ಬಾಗಿಲಿನ ರೆಕ್ಕೆ ಬಡಿದ. ಹುಂಜ ಮಾತ್ರ ಎದ್ದು ಬಂದು, ಹೊರಗೆ ಇಣುಕಿ, ಒಳಗೆ ಹೋಗಿ ಮತ್ತೆ ಕೂತಿತು. ಕೊನೆಗೆ ಒಂದೊಂದನ್ನೇ ಎತ್ತಿ ಹೊರಗೆ ಬಿಡಬೇಕಾಯಿತು. ಬಿದ್ದ ಗೋಡೆಯನ್ನು ಯಜಮಾನ ತನ್ನ ಆಳುಗಳಿಂದ ಅಷ್ಟರಲ್ಲಿ ಕಟ್ಟಿಸಿಕೊಟ್ಟಿದ್ದ. ಕೋಳಿಗಳಿಗೆ ಈಗ ಹಿತ್ತಲೇ ಪ್ರಪಂಚ. ಮಂಚ ವಾಪಸ್ ಕೋಣೆಗೆ ಬಂತು, ಆದರೆ ಒಂದು ಕರಿಹೇಂಟೆ ಅದರ ತಲೆದಿಂಬಿನ ಮೇಲೆ ಮೊಟ್ಟೆಯಿಡುವ ಹಕ್ಕನ್ನು ಬಿಟ್ಟುಕೊಡಲಿಲ್ಲ.

ಮುಂದಿನ ಚಳಿಗೆ ಬಾತುಗಳು ಮತ್ತೆ ಬಂದವು. ಮೊದಲ ಹಿಂಡು ಇಳಿದ ಬೆಳಿಗ್ಗೆ ಮಾಮ ನೋಟ್‌ಬುಕ್ಕು ಹಿಡಿದು ಹೊರಟಾಗ ಅತ್ತೆಯೂ ಶಾಲು ಹೊದ್ದು, ಕೆರೆಗೆಂದೇ ಇಟ್ಟ ರಬ್ಬರ್ ಬೂಟು ಹಾಕಿಕೊಂಡು ಜೊತೆಗೆ ಬಂದಳು. ನೀನು ಯಾಕೆ ಎಂದು ಕೇಳಿದ್ದಕ್ಕೆ, ನನ್ನ ಕೋಳಿಗಳ ನೆಂಟರನ್ನು ನಾನೂ ನೋಡಬೇಡವೇ ಎಂದಳು. ಇಬ್ಬರೂ ಏರಿಯ ಮೇಲೆ ಹತ್ತು ಹೆಜ್ಜೆ ಅಂತರದಲ್ಲಿ ನಿಂತು ಎಣಿಸಿದರು. ಮಾಮನಿಗೆ ಮುನ್ನೂರ ಎಂಟು ಬಂತು, ಅತ್ತೆಗೆ ಮುನ್ನೂರ ಹನ್ನೆರಡು. ಮರುಎಣಿಕೆಯಾಯಿತು. ಮಾಮನಿಗೆ ಮುನ್ನೂರ ಎಂಟೇ, ಅತ್ತೆಗೆ ಈಗ ಮುನ್ನೂರ ಹದಿನಾಲ್ಕು. ನೀವು ನೀರಿನೊಳಗೆ ಮುಳುಗಿದವನ್ನು ಬಿಟ್ಟುಬಿಡುತ್ತೀರಿ, ನಾನು ಅವು ಏಳುವ ತನಕ ಕಾಯುತ್ತೇನೆ ಎಂದು ಅತ್ತೆಯ ವಾದ. ಕಾಯುವಷ್ಟರಲ್ಲಿ ಎದ್ದವನ್ನೇ ಎರಡು ಸಲ ಎಣಿಸುತ್ತೀಯೆ ಎಂದು ಮಾಮನ ವಾದ.

ಸಂಜೆ ಡಾಕ್ಟರಮ್ಮ ಫೋನ್ ಮಾಡಿ ಲೆಕ್ಕ ಕೇಳಿದಾಗ ಇಬ್ಬರೂ ಒಟ್ಟಿಗೆ ಬಾಯಿ ಹಾಕಿದರು. ಅವಳು ನಕ್ಕು, ಎರಡನ್ನೂ ಬರೆದುಕೊಂಡಳು.